ಮೇಜಿನ ಅಚ್ಚಿನ ಯಂತ್ರ ಓರೆ ಹೊಡೆಯುತ್ತಿದೆಯೇ? ಪ್ಲೇಟನ್ ತಿರುಪಿಗೆ ಕೈಹಾಕುವ ಮುನ್ನ ಮಾಡಬೇಕಾದ ಕೆಲಸಗಳು

ಹಳೆಯ ಮೇಜಿನ ಲೆಟರ್‌ಪ್ರೆಸ್ ಯಂತ್ರ ತಂದುಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಒಂದು ಮೂಲೆ ಕಪ್ಪಗೆ, ಎದುರು ಮೂಲೆ ಮಾಸಲು. ಇಲ್ಲವೇ ಸಾಲು ಕಾಗದದ ಅಂಚಿಗೆ ಓರೆ. ಇಲ್ಲವೇ ಎರಡನೇ ಬಣ್ಣ ಮೊದಲನೆಯದರ ಮೇಲೆ ಕೂರುವುದಿಲ್ಲ. ಅವರು ಆಗಲೇ ಮಾಡಿ ನೋಡಿರುವ ಉಪಾಯವೂ ಒಂದೇ: ಪ್ಲೇಟನ್ (ಕಾಗದವನ್ನು ಅಕ್ಷರಗಳ ಮೇಲೆ ಒತ್ತುವ ಕಬ್ಬಿಣದ ಹಲಗೆ) ಹಿಂದಿನ ತಿರುಪುಗಳನ್ನು ಮನಸ್ಸಿಗೆ ಬಂದಷ್ಟು ತಿರುಗಿಸಿರುತ್ತಾರೆ. ಆಮೇಲೆ ಮೊದಲಿದ್ದ ದೋಷದ ಜೊತೆ ಇನ್ನೊಂದು ದೋಷ ಸೇರಿರುತ್ತದೆ.

'ಅಲೈನ್‌ಮೆಂಟ್ ಕೆಟ್ಟಿದೆ' ಎಂದು ಹೇಳುವಾಗ ನಾವು ಮೂರು ಬೇರೆ ಬೇರೆ ತೊಂದರೆಗಳನ್ನು ಒಟ್ಟಿಗೆ ಸೇರಿಸಿ ಹೇಳುತ್ತಿರುತ್ತೇವೆ. ಒಂದು, ಒತ್ತಡ ಎಲ್ಲ ಕಡೆ ಸಮನಾಗಿ ಬೀಳದಿರುವುದು. ಎರಡು, ಶಾಯಿ ಸಮನಾಗಿ ಹತ್ತದಿರುವುದು. ಮೂರು, ಕಾಗದ ಪ್ರತಿ ಸಲ ಅದೇ ಜಾಗದಲ್ಲಿ ಕೂರದಿರುವುದು. ಪ್ಲೇಟನ್ ತಿರುಪು ಮೊದಲನೆಯದಕ್ಕೆ ಮಾತ್ರ ಮದ್ದು, ಅದೂ ಕೊನೆಯ ಮದ್ದು. ಶಾಯಿ ಹಚ್ಚುವ ರೋಲರ್‌ನ ದೋಷಕ್ಕೆ ಪ್ಲೇಟನ್ ತಿರುಗಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಿಡಬಹುದು ಎಂದು ಇಲ್ಲೇ ಹೇಳದ ಹಂತವನ್ನು ಹಾರಿಸಿದರೆ ಮುಂದಿನ ಹಂತದ ಫಲಿತಾಂಶವನ್ನು ನಂಬುವಂತಿಲ್ಲ. ಅಡಾನಾ, ಕೆಲ್ಸೀ ಎಕ್ಸೆಲ್ಸಿಯರ್, ಚಾಂಡ್ಲರ್ ಅಂಡ್ ಪ್ರೈಸ್ ಪೈಲಟ್ ಮುಂತಾದ, ಕೈಹಿಡಿ ಒತ್ತಿದಾಗ ದವಡೆಯ ಹಾಗೆ ಮುಚ್ಚಿಕೊಳ್ಳುವ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಭಾಗಗಳ ಆಕಾರ ಅಲ್ಲಿಷ್ಟು ಇಲ್ಲಿಷ್ಟು ಬೇರೆ ಇರಬಹುದು, ಕ್ರಮ ಬದಲಾಗುವುದಿಲ್ಲ.

## ಕೈಯಲ್ಲಿ ಇರಬೇಕಾದದ್ದು

ತಿರುಪಿಗೆ ಸರಿಯಾಗಿ ಕೂರುವ ಸ್ಪ್ಯಾನರ್ ಎರಡು ಬೇಕು: ಒಂದು ತಿರುಪು ಹಿಡಿಯಲು, ಇನ್ನೊಂದು ಅದರ ನಟ್ಟಿಗೆ. ಹೊಂದಿಸಿಕೊಳ್ಳುವ ದೊಡ್ಡ ಸ್ಪ್ಯಾನರ್ ಬಳಸಬೇಡಿ, ಹಳೆಯ ನಟ್ಟುಗಳ ಮೂಲೆ ಸವೆದುಹೋಗುತ್ತದೆ. ಜೊತೆಗೆ ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ಕಾರ್ಬನ್ ಪೇಪರ್, ತೆಳುವಾದ ಟಿಶ್ಯೂ ಕಾಗದ, ಸಾಮಾನ್ಯ 80 ಜಿಎಸ್‌ಎಂ ಹಾಳೆಗಳು, ಟಿಂಪನ್ ಹಾಳೆ (ಪ್ಲೇಟನ್ ಮೇಲೆ ಬಿಗಿದು ಕಟ್ಟುವ ಗಟ್ಟಿ ಕಾಗದ), ನುಣುಪಾದ ಗಟ್ಟಿ ರಟ್ಟು ಅಂದರೆ ಪ್ರೆಸ್‌ಬೋರ್ಡ್ ಒಂದು, ಮೆಷಿನ್ ಆಯಿಲ್, ಸೀಮೆಎಣ್ಣೆ, ಹಳೆಯ ಬಟ್ಟೆ, ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಲು ಒಂದು ಟಾರ್ಚ್.

ಮೊಳೆಯ (ತುದಿಯಲ್ಲಿ ಉಬ್ಬು ಅಕ್ಷರವಿರುವ ಎರಕದ ತುಂಡಿನ) ಎತ್ತರಕ್ಕೆ ಸಮನಾದ ರೋಲರ್ ಗೇಜ್ ಇದ್ದರೆ ಅರ್ಧ ಕೆಲಸ ಸುಲಭ. ಉದ್ದನೆಯ ಹಿಡಿಯ ತುದಿಯಲ್ಲಿ 0.918 ಇಂಚು, ಅಂದರೆ ಸುಮಾರು 23.3 ಮಿ.ಮೀ. ದಪ್ಪದ ಲೋಹದ ಬಿಲ್ಲೆ ಇರುತ್ತದೆ. ಬ್ರಿಟಿಷ್ ಮತ್ತು ಅಮೆರಿಕನ್ ಪದ್ಧತಿಯ ಮೊಳೆಗಳ ಎತ್ತರ ಇದೇ. ಯುರೋಪಿನ ಡಿಡೋ ಪದ್ಧತಿಯ ಮೊಳೆ 23.56 ಮಿ.ಮೀ. ಇರುತ್ತದೆ. ಎರಡೂ ಒಂದೇ ಕಪಾಟಿನಲ್ಲಿ ಬೆರೆತಿದ್ದರೆ ಯಾವ ತಿರುಪೂ ನಿಮ್ಮನ್ನು ಕಾಪಾಡುವುದಿಲ್ಲ. ಕಾಲು ಮಿಲಿಮೀಟರ್ ವ್ಯತ್ಯಾಸ ಅಚ್ಚಿನಲ್ಲಿ ಬೆಟ್ಟದಷ್ಟು.

ಡೈರಿಯಂಥ ಒಂದು ಪುಸ್ತಕವೂ ಇರಲಿ. ಯಾವ ತಿರುಪನ್ನು ಯಾವ ಕಡೆಗೆ ಎಷ್ಟು ತಿರುಗಿಸಿದಿರಿ ಎಂದು ಬರೆದಿಡದೆ ಈ ಕೆಲಸಕ್ಕೆ ಇಳಿಯಲೇಬೇಡಿ.

## ಹಂತ 1: ನಾಲ್ಕು ಅಚ್ಚು ತೆಗೆದು ದೋಷ ಗುರುತಿಸಿ

ಒಂದೇ ಹಾಳೆ ನೋಡಿ ದೋಷ ಹೇಳಲು ಆಗುವುದಿಲ್ಲ. ನಿಮಗೆ ತೊಂದರೆ ಕೊಡುತ್ತಿರುವ ಅದೇ ಫಾರಂ (ಅಚ್ಚಿಗೆಂದು ಜೋಡಿಸಿ ಕಟ್ಟಿದ ಮೊಳೆಗಳು) ಯಂತ್ರದಲ್ಲಿರಲಿ. ಬೇರೆ ಏನನ್ನೂ ಬದಲಿಸದೆ ಈ ನಾಲ್ಕು ಅಚ್ಚು ತೆಗೆಯಿರಿ.

1. ಶಾಯಿ ಇಲ್ಲದ ಅಚ್ಚು. ರೋಲರ್‌ಗಳನ್ನು ಬಿಚ್ಚಿಡಿ, ಮೊಳೆಗಳ ಮುಖ ಒರೆಸಿ. ಹಾಳೆಯ ಮೇಲೆ ಕಾರ್ಬನ್ ಪೇಪರ್ ಇಡಿ. ಮಸಿಯ ಮುಖ ಹಾಳೆಯ ಕಡೆಗೆ, ಬೆನ್ನು ಮೊಳೆಯ ಕಡೆಗೆ. ಒಮ್ಮೆ ಒತ್ತಿ. ಇಲ್ಲಿ ಕಾಣುವುದು ಬರೀ ಒತ್ತಡ, ರೋಲರ್‌ನ ಕೈವಾಡ ಇದರಲ್ಲಿಲ್ಲ.

2. ಶಾಯಿ ಹಚ್ಚಿದ ಅಚ್ಚು. ರೋಲರ್ ಹಾಕಿ, ಎಂದಿನಂತೆ ಒತ್ತಿ. ಶಾಯಿ ಕಡಿಮೆಯೇ ಇರಲಿ. ಹೆಚ್ಚು ಶಾಯಿ ದೋಷವನ್ನು ಮುಚ್ಚಿಬಿಡುತ್ತದೆ.

3. ಕದಲಿಸದೆ ಎರಡು ಸಲ. ಹಾಳೆಯ ನಾಲ್ಕೂ ಅಂಚನ್ನು ಟಿಂಪನ್‌ಗೆ ಟೇಪಿನಿಂದ ಅಂಟಿಸಿ ಎರಡು ಸಲ ಒತ್ತಿ.

4. ತೆಗೆದಿಟ್ಟು ಎರಡು ಸಲ. ಒಮ್ಮೆ ಒತ್ತಿ, ಹಾಳೆ ಹೊರತೆಗೆದು, ಮತ್ತೆ ಪಿನ್‌ಗಳಿಗೆ (ಕಾಗದ ನಿಲ್ಲಿಸಲು ಟಿಂಪನ್ ಮೇಲೆ ಹಾಕುವ ಗೇಜ್ ಪಿನ್‌ಗಳಿಗೆ) ತಾಗಿಸಿಟ್ಟು ಇನ್ನೊಮ್ಮೆ ಒತ್ತಿ.

ಈಗ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿ. ಮೊದಲನೆಯದೇ ಒಂದು ಕಡೆ ಮಾಸಲಾಗಿದ್ದರೆ ದೋಷ ಒತ್ತಡದ್ದು, 2ರಿಂದ 5ನೇ ಹಂತಗಳನ್ನು ಕ್ರಮವಾಗಿ ಮಾಡಬೇಕು. ಮೊದಲನೆಯದು ಸಮನಾಗಿದ್ದು ಎರಡನೆಯದು ಕೆಟ್ಟಿದ್ದರೆ ದೋಷ ರೋಲರ್‌ನದ್ದು. ಪ್ಲೇಟನ್ ಮುಟ್ಟದೆ 2ನೇ ಹಂತ ಮುಗಿಸಿ ಸೀದಾ 6ಕ್ಕೆ ಹೋಗಿ. ಅಂಟಿಸಿದ ಹಾಳೆಯಲ್ಲೂ ಅಕ್ಷರ ಜೋಡಿಯಾಗಿ ಬಂದರೆ ಯಂತ್ರದಲ್ಲೋ ಪ್ಯಾಕಿಂಗ್‌ನಲ್ಲೋ (ಟಿಂಪನ್ ಮತ್ತು ಅದರ ಕೆಳಗಿನ ಹಾಳೆಗಳು) ಫಾರಂನಲ್ಲೋ ಏನೋ ಸಡಿಲವಿದೆ, 2ರಿಂದ 4ನೇ ಹಂತ ನೋಡಿ. ಅಂಟಿಸಿದ್ದು ಸ್ವಚ್ಛವಾಗಿ ಬಂದು, ತೆಗೆದಿಟ್ಟದ್ದು ಮಾತ್ರ ಜೋಡಿಯಾದರೆ ಕಾಗದ ಕೂರುವ ಜಾಗದ ದೋಷ, 7ನೇ ಹಂತ ನೋಡಿ.

ಎರಡು ದೋಷ ಒಟ್ಟಿಗೇ ಇರುವುದುಂಟು. ಆಗ ಒತ್ತಡವನ್ನು ಮೊದಲು ಸರಿಪಡಿಸಿ, ನಾಲ್ಕೂ ಅಚ್ಚನ್ನು ಮತ್ತೊಮ್ಮೆ ತೆಗೆಯಿರಿ.

## ಹಂತ 2: ಕೊಳೆ, ಎಣ್ಣೆ, ಸಡಿಲ

ಬೆಡ್ ಅಂದರೆ ಚೇಸ್ (ಫಾರಂ ಬಿಗಿದು ಕಟ್ಟುವ ಲೋಹದ ಚೌಕಟ್ಟು) ಒರಗುವ ಸಮತಟ್ಟಾದ ಕಬ್ಬಿಣದ ಮುಖ. ಅದರ ಮೇಲೆ ಒಣಗಿದ ಶಾಯಿಯ ಒಂದು ಹಕ್ಕಳೆ ಸಾಕು, ಆ ಜಾಗದ ಮೊಳೆಗಳು ಮುಂದೆ ಬಂದು ಕಪ್ಪಗೆ ಮೂಡುತ್ತವೆ. ಸೀಮೆಎಣ್ಣೆ ಹಚ್ಚಿ ಒರೆಸಿ, ಬರಿ ಬೆರಳಿನಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ತಿಳಿಯುತ್ತದೆ. ಚೇಸ್‌ನ ಬೆನ್ನನ್ನೂ, ಅದು ಕೂರುವ ಕೆಳಗಿನ ಕೊಕ್ಕೆಗಳನ್ನೂ ಹೀಗೆಯೇ ನೋಡಿ.

ಎಣ್ಣೆ ಬಿಡುವ ತೂತುಗಳು ಹಳೆಯ ಯಂತ್ರಗಳಲ್ಲಿ ಜಿಡ್ಡು ಕಟ್ಟಿ ಮುಚ್ಚಿರುತ್ತವೆ, ಎಷ್ಟೋ ಸಲ ಬಣ್ಣ ಬಳಿದು ಮುಚ್ಚಿರುತ್ತಾರೆ. ತೆಳು ತಂತಿಯಿಂದ ಬಿಡಿಸಿ, ಎಣ್ಣೆ ಬಿಟ್ಟು, ಕೈಹಿಡಿಯನ್ನು ಫಾರಂ ಇಲ್ಲದೆ ಹಲವು ಸಲ ಆಡಿಸಿ. ಹೊರಬರುವ ಕಪ್ಪು ಜಿಡ್ಡನ್ನು ಒರೆಸುತ್ತಾ ಹೋಗಿ. ರೋಲರ್‌ನ ಗಾಲಿಗಳು ಓಡುವ ಹಳಿಗೆ ಮಾತ್ರ ಎಣ್ಣೆ ತಾಗಬಾರದು. ಅಲ್ಲಿ ಎಣ್ಣೆ ಇದ್ದರೆ ಗಾಲಿ ಉರುಳದೆ ಜಾರುತ್ತದೆ.

ಇನ್ನು ಸಡಿಲ. ಯಂತ್ರ ತೆರೆದಿರುವಾಗ ಪ್ಲೇಟನ್‌ನ ಎರಡೂ ಬದಿ ಹಿಡಿದು ಎಡಬಲಕ್ಕೆ, ಆಮೇಲೆ ಮೇಲೆಕೆಳಗೆ ಅಲುಗಾಡಿಸಿ. 'ಟಕ್' ಎಂಬ ಸದ್ದು ಬಂದರೆ ಪ್ಲೇಟನ್ ಆಡುವ ಕೀಲೋ ಅದರ ರಂಧ್ರವೋ ಸವೆದಿದೆ. ತುಸು ಅಲುಗಾಟದೊಂದಿಗೂ ಒಂದು ಬಣ್ಣದ ಕೆಲಸ ನಡೆಯುತ್ತದೆ. ಎರಡು ಬಣ್ಣ ಕೂರಿಸಬೇಕಾದರೆ ನಡೆಯುವುದಿಲ್ಲ. ಕೀಲು ಬದಲಿಸಿ, ಇಲ್ಲವೇ ರಂಧ್ರಕ್ಕೆ ಬುಷ್ ಹಾಕಿಸಿ. ಅದು ಲೇತ್ ಕೆಲಸ ಬಲ್ಲವರಿಗೆ ಬಿಡಬೇಕಾದದ್ದು. ಪ್ಲೇಟನ್ ತಿರುಪಿನಿಂದ ಈ ಸಡಿಲವನ್ನು 'ಹೊಂದಿಸಿಕೊಳ್ಳಲು' ನೋಡಿದರೆ ಇವತ್ತು ಸರಿಯಾದದ್ದು ನಾಳೆ ಕೆಡುತ್ತದೆ.

ಯಂತ್ರ ನಿಂತಿರುವ ಮೇಜೂ ಪರೀಕ್ಷೆಗೆ ಒಳಪಡಲಿ. ಕೈಹಿಡಿ ಒತ್ತಿದಾಗ ಮೇಜು ಬಾಗುತ್ತಿದ್ದರೆ ಅಥವಾ ಯಂತ್ರದ ಒಂದು ಪಾದ ಎದ್ದು ಕೂರುತ್ತಿದ್ದರೆ ಬೋಲ್ಟ್ ಹಾಕಿ ಕೂರಿಸಿ. ಪಾದದ ಕೆಳಗೆ ಸಂದಿ ಇದ್ದರೆ ಮೊದಲು ಪಟ್ಟಿ ತುಂಬಿ, ಆಮೇಲೆ ಬೋಲ್ಟ್ ಬಿಗಿಯಿರಿ. ಸಂದಿ ಇರುವಂತೆಯೇ ಬಿಗಿದರೆ ಎರಕದ ಕಬ್ಬಿಣದ ಚೌಕಟ್ಟು ತಿರುಚಿಕೊಳ್ಳುತ್ತದೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ.

## ಹಂತ 3: ಫಾರಂ ಮತ್ತು ಚೇಸ್

ಓರೆ ಅಚ್ಚಿನ ದೂರುಗಳಲ್ಲಿ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಯಂತ್ರದ ಮೇಲೆ ಅನುಮಾನ ಪಡುವಷ್ಟು ಸುಲಭವಾಗಿ ನಮ್ಮ ಕಟ್ಟುವಿಕೆಯ ಮೇಲೆ ಅನುಮಾನ ಪಡುವುದಿಲ್ಲ.

ಚೇಸನ್ನು ಸ್ವಚ್ಛವಾದ ಸಮತಟ್ಟು ಕಲ್ಲು ಅಥವಾ ದಪ್ಪ ಗಾಜಿನ ಮೇಲಿಟ್ಟು ಕಟ್ಟಿ. ಮರದ ಮೇಜಿನ ಮೇಲೆ ಬೇಡ. ಫರ್ನಿಚರ್ ತುಂಡುಗಳು (ಚೇಸ್‌ನ ಖಾಲಿ ಜಾಗ ತುಂಬುವ ಮರದ ಪಟ್ಟಿಗಳು) ಫಾರಂನ ಸುತ್ತ ಗಾಳಿಚಕ್ರದಂತೆ ಒಂದರ ತುದಿ ಇನ್ನೊಂದನ್ನು ದಾಟಿ ಹೋಗಬೇಕು. ನಾಲ್ಕು ತುಂಡುಗಳ ತುದಿಗಳು ಒಂದಕ್ಕೊಂದು ಗುದ್ದಿಕೊಂಡರೆ ಬಿಗಿತವೆಲ್ಲ ಮರಕ್ಕೇ ಹೋಗುತ್ತದೆ, ಮೊಳೆಗಳಿಗೆ ತಲಪುವುದಿಲ್ಲ. ಕ್ವಾಯಿನ್‌ಗಳು (ಫಾರಂ ಬಿಗಿಯುವ ಬೆಣೆಗಳು) ಒಂದು ಬದಿ ಮತ್ತು ಒಂದು ತುದಿಯಲ್ಲಿ ಮಾತ್ರ ಇರಲಿ.

ಬಿಗಿಯುವ ಕ್ರಮ ಹೀಗೆ. ಎಲ್ಲ ಕ್ವಾಯಿನ್‌ಗಳನ್ನು ಬೆರಳಿನಿಂದ ಬಿಗಿಯಾಗುವಷ್ಟು ಮಾತ್ರ ತನ್ನಿ. ಮರದ ಪ್ಲೇನರ್ ಹಲಗೆಯನ್ನು ಮೊಳೆಗಳ ಮೇಲಿಟ್ಟು ಮೆಲ್ಲಗೆ ತಟ್ಟಿ, ಎದ್ದುನಿಂತ ಮೊಳೆಗಳು ಕೆಳಗೆ ಕೂರಲಿ. ಆಮೇಲೆ ಒಂದೊಂದು ಕ್ವಾಯಿನ್ ಅನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ. ಪೂರ್ತಿ ಬಿಗಿದ ಮೇಲೆ ಪ್ಲೇನರ್‌ನಿಂದ ಜೋರಾಗಿ ಹೊಡೆಯಬೇಡಿ, ಮೊಳೆಯ ಮುಖ ಹಾಳಾಗುತ್ತದೆ.

ಈಗ ಚೇಸ್‌ನ ಒಂದು ಮೂಲೆಯ ಕೆಳಗೆ ಕ್ವಾಯಿನ್ ಕೀಲಿಯನ್ನಿಟ್ಟು ಎತ್ತರಿಸಿ, ಮೊಳೆಗಳನ್ನು ಬೆರಳಿನಿಂದ ಒತ್ತಿ. ಯಾವುದಾದರೂ ಕೆಳಕ್ಕೆ ಜಾರಿದರೆ ಆ ಸಾಲು ಸರಿಯಾಗಿ ತುಂಬಿಲ್ಲ. ಉತ್ತರ ಇನ್ನಷ್ಟು ಬಿಗಿತವಲ್ಲ. ಸಾಲನ್ನು ಬಿಚ್ಚಿ ತೆಳು ಸ್ಪೇಸ್ (ಅಕ್ಷರವಿಲ್ಲದ ಖಾಲಿ ತುಂಡು) ಸೇರಿಸುವುದು.

ಅತಿ ಬಿಗಿತದ ಲಕ್ಷಣ ಇದಕ್ಕಿಂತ ಮೋಸದ್ದು. ಫಾರಂನ ನಡುಭಾಗ ಕಲ್ಲಿನಿಂದ ಮೇಲೆದ್ದು ಕಮಾನಿನಂತಾಗುತ್ತದೆ. ಅಚ್ಚಿನಲ್ಲಿ ನಡುವೆ ಗಾಢ, ಸುತ್ತ ಮಾಸಲು. ಚೇಸ್‌ನ ನಡುವೆ ಬೆರಳಿನಿಂದ ಒತ್ತಿದಾಗ ಸ್ಪ್ರಿಂಗ್‌ನಂತೆ ಕುಣಿದರೆ ಇದೇ ಕಾರಣ. ನಡು ಕಪ್ಪಗಿರುವ ಅಚ್ಚನ್ನು ಮೂಲೆಯ ತಿರುಪುಗಳಿಂದ ಸರಿಮಾಡಲು ಸಾಧ್ಯವೇ ಇಲ್ಲ ಎಂಬುದನ್ನು ನೆನಪಿಡಿ.

ಫಾರಂ ಚೌಕವಾಗಿದೆಯೇ ಎಂದು ತಿಳಿಯಲು ರೂಲ್‌ಗಳಿಂದ (ಗೆರೆ ಮೂಡಿಸುವ ಲೋಹದ ಪಟ್ಟಿಗಳಿಂದ) ಒಂದು ಚೌಕಟ್ಟು ಕಟ್ಟಿ ಅಚ್ಚು ತೆಗೆದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಕರ್ಣಗಳು ಸಮನಾಗಿದ್ದೂ ಅಚ್ಚು ಕಾಗದಕ್ಕೆ ಓರೆಯಾಗಿದ್ದರೆ ಪಿನ್ ಅಥವಾ ಕಾಗದದ ದೋಷ. ಕರ್ಣಗಳೇ ಬೇರೆಯಾಗಿದ್ದರೆ ಕಟ್ಟುವಿಕೆಯ ದೋಷ. ಫರ್ನಿಚರ್ ತುಂಡುಗಳ ಅಗಲ ಅಳೆಯಿರಿ, ಒಂದು ಸವೆದಿರುತ್ತದೆ.

ಇನ್ನೆರಡು ಮಾತು. ಫಾರಂ ಚೇಸ್‌ನ ನಡುವೆ ಇರಲಿ. ಒಂದು ಬದಿಗೆ ಸರಿಸಿ ಕಟ್ಟಿದರೆ ಆ ಬದಿಗೆ ಭಾರ ಹೆಚ್ಚಿ ಇಡೀ ಯಂತ್ರ ಕೊಂಚ ತಿರುಚುತ್ತದೆ. ಮೊಳೆಗಳ ಬದಲು ಪಾಲಿಮರ್ ಪ್ಲೇಟ್ (ಉಬ್ಬು ಅಕ್ಷರಗಳ ಪ್ಲಾಸ್ಟಿಕ್ ಹಾಳೆ) ಬಳಸುವವರು ಪ್ಲೇಟಿನ ದಪ್ಪಕ್ಕೂ ಅದನ್ನು ಅಂಟಿಸುವ ಬೇಸ್‌ನ ಎತ್ತರಕ್ಕೂ ಹೊಂದಿಕೆ ಇದೆಯೇ ನೋಡಿಕೊಳ್ಳಿ: ಬೇಸ್, ಅಂಟು, ಪ್ಲೇಟ್ ಮೂರೂ ಸೇರಿ 0.918 ಇಂಚು ಆಗಬೇಕು. 0.95 ಮಿ.ಮೀ. ಪ್ಲೇಟಿನ ಬೇಸ್ ಮೇಲೆ 1.52 ಮಿ.ಮೀ. ಪ್ಲೇಟ್ ಅಂಟಿಸಿ ಕೈಹಿಡಿ ಬಲವಾಗಿ ಎಳೆದರೆ ಯಂತ್ರವೇ ಮುರಿಯಬಹುದು.

## ಹಂತ 4: ಪ್ಯಾಕಿಂಗ್

ಯಂತ್ರದ ಜೊತೆ ಬಂದ ಹಳೆಯ ಪ್ಯಾಕಿಂಗ್ ಅನ್ನು ಪೂರ್ತಿ ತೆಗೆದುಹಾಕಿ. ಅದರಲ್ಲಿ ಹಿಂದಿನವರ ಕೆಲಸದ ಗುಂಡಿಗಳು, ಅಂಟಿಸಿದ ಚೂರುಗಳು ಇರುತ್ತವೆ. ಉಣ್ಣೆ ಬಟ್ಟೆ, ರಬ್ಬರ್ ಹಾಳೆ ಇದ್ದರೆ ಅದೂ ಬೇಡ. ಮೆತ್ತನೆಯ ಪ್ಯಾಕಿಂಗ್ ದೋಷವನ್ನು ನುಂಗಿಕೊಂಡು ನಿಮಗೆ ಸುಳ್ಳು ಹೇಳುತ್ತದೆ.

ಆರಂಭಕ್ಕೆ ಮೇಲೊಂದು ಟಿಂಪನ್ ಹಾಳೆ, ಅದರ ಕೆಳಗೆ ಪ್ರೆಸ್‌ಬೋರ್ಡ್ ಒಂದು, ಅದರ ಕೆಳಗೆ 80 ಜಿಎಸ್‌ಎಂ ಹಾಳೆ ಮೂರು. ಈ ಹಾಳೆ ಒಂದರ ದಪ್ಪ ಸುಮಾರು 0.1 ಮಿ.ಮೀ. ಈ ಲೆಕ್ಕ ಮುಂದೆ ಬೇಕಾಗುತ್ತದೆ. ಟಿಂಪನ್‌ನ ಕೆಳ ಅಂಚನ್ನು ಮೊದಲು ಪ್ಲೇಟನ್ ಅಂಚಿನ ಹಿಡಿಕೆಯಲ್ಲಿ (ಹಾಳೆ ಬಿಗಿಹಿಡಿಯುವ ಪಟ್ಟಿಯಲ್ಲಿ) ಸಿಕ್ಕಿಸಿ, ಅಂಗೈಯಿಂದ ಮೇಲಕ್ಕೆ ನೀವಿ, ಆಮೇಲೆ ಮೇಲಂಚನ್ನು ಸಿಕ್ಕಿಸಿ. ಬೆರಳಿನಿಂದ ತಟ್ಟಿದಾಗ ಬಿಗಿಯಾದ ಸದ್ದು ಬರಬೇಕು. ಟಿಂಪನ್ ಉಬ್ಬಿದ್ದರೆ ಕಾಗದ ಮೊಳೆಗೆ ಒಂದು ಸಲ ಮುಂಚೆ ತಾಗಿ, ಒತ್ತುವಾಗ ಮತ್ತೊಮ್ಮೆ ತಾಗುತ್ತದೆ. ಅಕ್ಷರದ ಒಂದು ಪಕ್ಕದಲ್ಲಿ ನೆರಳಿನಂಥ ಗೆರೆ ಕಾಣುವುದು ಹೀಗೆ. ಇದೇ ನೆರಳನ್ನು ಕಂಡು ಕೀಲು ಸವೆದಿದೆ ಎಂದು ಯಂತ್ರ ಬಿಚ್ಚಿದವರಿದ್ದಾರೆ.

ಒಳಗಿನ ಹಾಳೆಗಳು ಹಿಡಿಕೆಗೆ ಸಿಕ್ಕಬೇಕಿಲ್ಲ, ಆದರೆ ಕದಲಬಾರದು. ಎಲ್ಲವೂ ಪ್ಲೇಟನ್‌ನಷ್ಟೇ ಅಗಲ ಇರಲಿ. ಚಿಕ್ಕದಾಗಿ ಕತ್ತರಿಸಿದ ಹಾಳೆಯ ಅಂಚು ಅಚ್ಚಿನ ನಡುವೆ ಗೆರೆಯಾಗಿ ಮೂಡುತ್ತದೆ.

ದವಡೆಯಂತೆ ಮುಚ್ಚುವ ಯಂತ್ರದ ಒಂದು ಗುಣವನ್ನು ಇಲ್ಲಿಯೇ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ 5ನೇ ಹಂತ ಎಂದಿಗೂ ಮುಗಿಯುವುದಿಲ್ಲ. ಪ್ಲೇಟನ್ ಮತ್ತು ಬೆಡ್ ಒಂದಕ್ಕೊಂದು ಸಮಾನಾಂತರವಾಗುವುದು ಒಂದೇ ಒಂದು ದಪ್ಪದಲ್ಲಿ. ಕೀಲು ಕೆಳಗಿದೆ; ಪ್ಯಾಕಿಂಗ್ ಹೆಚ್ಚಾದರೆ ಕೆಳಭಾಗ ಮೊದಲು ತಾಗಿ ಕೆಳಗೆ ಕಪ್ಪಾಗುತ್ತದೆ, ಪ್ಯಾಕಿಂಗ್ ಕಡಿಮೆಯಾದರೆ ಮೇಲ್ಭಾಗ ಕಪ್ಪಾಗುತ್ತದೆ. ಹಾಗಾಗಿ ತೆಳು ಕಾಗದದಲ್ಲಿ ಸಮನಾಗಿದ್ದ ಯಂತ್ರ ದಪ್ಪ ಕಾರ್ಡಿಗೆ ಹೋದ ಕೂಡಲೇ ಕೆಳಗೆ ಕಪ್ಪಗೆ ಹೊಡೆದರೆ ಯಂತ್ರ ಕೆಟ್ಟಿಲ್ಲ. ಕಾರ್ಡು ಎಷ್ಟು ದಪ್ಪವೋ ಅಷ್ಟು ಹಾಳೆಗಳನ್ನು ಪ್ಯಾಕಿಂಗ್‌ನಿಂದ ತೆಗೆದರೆ ಸರಿಹೋಗುತ್ತದೆ.

ಅಚ್ಚು ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಕಪ್ಪಾಗಿದ್ದು ಎಡಬಲ ಸಮನಾಗಿದ್ದರೆ ಮೊದಲು ಒಂದೊಂದು ಹಾಳೆ ಸೇರಿಸಿ, ತೆಗೆದು ನೋಡಿ. ಅಷ್ಟರಲ್ಲಿ ಸರಿಹೋದರೆ 5ನೇ ಹಂತ ಬೇಡವೇ ಬೇಡ.

## ಹಂತ 5: ಪ್ಲೇಟನ್ ಸಮಮಾಡುವುದು

ಇಲ್ಲಿಗೆ ಬಂದಿದ್ದೀರಿ ಎಂದರೆ ಬೆಡ್ ಸ್ವಚ್ಛವಿದೆ, ಫಾರಂ ಸರಿಯಿದೆ, ಪ್ಯಾಕಿಂಗ್ ಹೊಸದು. ಆದರೂ ಕಾರ್ಬನ್ ಅಚ್ಚು ಒಂದು ಕಡೆ ಮಾಸಲು. ಈಗ ತಿರುಪು ತಿರುಗಿಸುವ ಹಕ್ಕು ನಿಮಗಿದೆ.

ಮೊದಲು ಗುರುತು. ಪ್ಲೇಟನ್ ಹಿಂದೆ ಎಷ್ಟು ತಿರುಪುಗಳಿವೆ ನೋಡಿ; ನಾಲ್ಕು ಮೂಲೆಗೆ ನಾಲ್ಕು ಇರುವುದು ಸಾಮಾನ್ಯ. ಪ್ರತಿಯೊಂದರ ತಲೆಯ ಮೇಲೂ ಅದರ ಪಕ್ಕದ ಕಬ್ಬಿಣದ ಮೇಲೂ ಸೇರುವಂತೆ ಒಂದು ಗೆರೆ ಎಳೆಯಿರಿ. ಫೋಟೊ ತೆಗೆದಿಡಿ. ಎಲ್ಲವೂ ಕೈತಪ್ಪಿದರೆ ಹಿಂದಿರುಗಲು ಇದೊಂದೇ ದಾರಿ. ತುಕ್ಕು ಹಿಡಿದ ತಿರುಪಿಗೆ ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಹಾಕಿ ಬಿಡಿ. ಪೈಪ್ ಸಿಕ್ಕಿಸಿ ಸ್ಪ್ಯಾನರ್‌ನ ಉದ್ದ ಹೆಚ್ಚಿಸಬೇಡಿ.

ಪರೀಕ್ಷೆಯ ಫಾರಂ. ಸವೆಯದ, ಒಂದೇ ಅಕ್ಷರದ, 36 ಅಥವಾ 48 ಪಾಯಿಂಟ್‌ನ ನಾಲ್ಕು ಮೊಳೆ ತೆಗೆದುಕೊಳ್ಳಿ. ಅವುಗಳನ್ನು ಒಟ್ಟಿಗೆ ನಿಲ್ಲಿಸಿ, ಮೇಲೆ ಉಕ್ಕಿನ ಪಟ್ಟಿಯ ಅಂಚನ್ನಿಟ್ಟು ಹಿಂದಿನಿಂದ ಬೆಳಕು ಹಿಡಿಯಿರಿ. ಯಾವುದರ ಮೇಲೂ ಬೆಳಕಿನ ಸೀಳು ಕಾಣಬಾರದು. ಚೇಸ್‌ನ ಪ್ರತಿ ಮೂಲೆಯಿಂದ ಸುಮಾರು ಒಂದು ಇಂಚು ಒಳಗೆ ಒಂದೊಂದನ್ನು ಕಟ್ಟಿ. ರೋಲರ್ ಬಿಚ್ಚಿಡಿ. ಗ್ರಿಪ್ಪರ್‌ಗಳನ್ನು (ಹಾಳೆಯನ್ನು ಪ್ಲೇಟನ್‌ಗೆ ಒತ್ತಿ ಹಿಡಿಯುವ ಲೋಹದ ಕಡ್ಡಿಗಳನ್ನು) ಪೂರ್ತಿ ಬದಿಗೆ ಸರಿಸಿ. ಮೊಳೆಯ ಮೇಲೆ ಗ್ರಿಪ್ಪರ್ ಬಿದ್ದರೆ ಮೊಳೆಯೂ ಹೋಯಿತು, ಪರೀಕ್ಷೆಯೂ ಹೋಯಿತು.

ಹಿಂದಕ್ಕೆ ತನ್ನಿ. ನಟ್ಟುಗಳನ್ನು ಸಡಿಲಿಸಿ, ಎಲ್ಲ ತಿರುಪುಗಳನ್ನೂ ಒಂದೇ ಪ್ರಮಾಣದಲ್ಲಿ ಹಿಂದಕ್ಕೆ ತಿರುಗಿಸಿ, ಕಾರ್ಬನ್ ಅಚ್ಚು ಮೂಡದಂತಾಗುವವರೆಗೆ. ಒತ್ತಡ ಇರುವಲ್ಲಿಂದ ತಗ್ಗಿಸುವುದಕ್ಕಿಂತ ಇಲ್ಲದಲ್ಲಿಂದ ಏರಿಸುವುದು ಸುಲಭ, ಸುರಕ್ಷಿತ.

ಕೆಳಗಿನ ಜೋಡಿ ಮೊದಲು. ಕೆಳಗಿನ ಎರಡು ತಿರುಪುಗಳನ್ನು ಎಂಟನೇ ಒಂದು ಸುತ್ತಿನಷ್ಟು ಮುಂದೆ ತನ್ನಿ. ತಿರುಪು ಒಂದು ಸುತ್ತಿಗೆ 1.6 ಮಿ.ಮೀ. ಸಾಗುವಂಥದ್ದಾದರೆ ಎಂಟನೇ ಒಂದು ಸುತ್ತೆಂದರೆ 0.2 ಮಿ.ಮೀ.; ಎರಡು ಹಾಳೆಯ ದಪ್ಪ. ಅರ್ಧ ಸುತ್ತು ತಿರುಗಿಸುವವರು ಒಂದೇ ಏಟಿಗೆ ಎಂಟು ಹಾಳೆ ತುರುಕಿದಂತಾಯಿತು. ಕೆಳಗಿನ ಎರಡು ಅಕ್ಷರ ಸಮನಾಗಿ, ತೆಳುವಾಗಿ ಮೂಡುವವರೆಗೆ ಹೀಗೆ ಮಾಡಿ, ಆಮೇಲೆ ಮೇಲಿನ ಜೋಡಿ. ಮೇಲಿನದನ್ನು ತಂದಾಗ ಕೆಳಗಿನದು ತುಸು ಬದಲಾಗುತ್ತದೆ, ಹಾಗಾಗಿ ಇನ್ನೊಮ್ಮೆ ಕೆಳಗಿನ ಜೋಡಿಯನ್ನು ನೋಡಿ ಸರಿಮಾಡಿ.

ಹಾಳೆಯ ಬೆನ್ನು ನೋಡಿ. ಕಾರ್ಬನ್‌ನ ಕಪ್ಪು ಒಂದು ಮಟ್ಟದವರೆಗೆ ಮಾತ್ರ ನಂಬಿಕೆಗೆ ಅರ್ಹ. ಹಾಳೆ ತಿರುಗಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆ ಬೆಳಕಿನಲ್ಲಿ ನಾಲ್ಕು ಮೂಲೆಯ ಉಬ್ಬು ಹೋಲಿಸಿ. ಇನ್ನೂ ನಿಖರ ಬೇಕೆಂದರೆ ಒಬ್ಬರು ಕೈಹಿಡಿಯನ್ನು ಒತ್ತಿ ಹಿಡಿದಿರಲಿ. ಮುಚ್ಚುವ ಮುನ್ನವೇ ನಾಲ್ಕೂ ಅಕ್ಷರಗಳ ಮೇಲೆ ಒಂದೇ ಕಾಗದದಿಂದ ಕತ್ತರಿಸಿದ ಉದ್ದ ಪಟ್ಟಿಗಳನ್ನು ಇಟ್ಟಿರಿ, ತುದಿಗಳು ಯಂತ್ರದ ಹೊರಗಿರಲಿ. ಈಗ ಒಂದೊಂದನ್ನೇ ಎಳೆಯಿರಿ. ನಾಲ್ಕರ ಬಿಗಿತವೂ ಕೈಗೆ ಒಂದೇ ತೆರನಾಗಿ ತಿಳಿಯಬೇಕು. ಬೆರಳು ಪಟ್ಟಿಯ ತುದಿಯಲ್ಲಿ ಮಾತ್ರ, ದವಡೆಯ ಒಳಗಲ್ಲ.

ನಾಲ್ಕನೇ ತಿರುಪಿನ ಮೋಸ. ಸಮತಲಕ್ಕೆ ಮೂರು ಆಧಾರ ಸಾಕು, ನಾಲ್ಕನೆಯದು ಪ್ಲೇಟನ್‌ಗೆ ತಾಗದೆಯೇ ಇರಬಹುದು. ಹಗುರ ಒತ್ತಡದಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ದೊಡ್ಡ ಫಾರಂ ಹಾಕಿದೊಡನೆ ಆ ಮೂಲೆ ಹಿಂದಕ್ಕೆ ಬಾಗಿ ಮಾಸಲಾಗುತ್ತದೆ. ಪ್ರತಿ ತಿರುಪನ್ನೂ ಬೆರಳಿನಿಂದ ಅಲುಗಿಸಿ ನೋಡಿ. ಸುಲಭವಾಗಿ ತಿರುಗುವುದನ್ನು ತಾಗುವವರೆಗೆ ಮಾತ್ರ ಮುಂದೆ ತನ್ನಿ.

ನಟ್ಟು ಬಿಗಿಯುವಾಗ. ಹೊಸಬರು ಸೋಲುವುದು ಇಲ್ಲಿ. ನಟ್ಟು ಬಿಗಿಯುವಾಗ ತಿರುಪೂ ಅದರೊಡನೆ ಒಂದಿಷ್ಟು ತಿರುಗುತ್ತದೆ, ಅಷ್ಟು ಹೊತ್ತಿನ ಹೊಂದಿಕೆ ಹಾಳಾಗುತ್ತದೆ. ಒಂದು ಸ್ಪ್ಯಾನರ್‌ನಿಂದ ತಿರುಪನ್ನು ಕದಲದಂತೆ ಹಿಡಿದು, ಇನ್ನೊಂದರಿಂದ ನಟ್ಟು ಬಿಗಿಯಿರಿ. ನಾಲ್ಕೂ ಮುಗಿದ ಮೇಲೆ ಮತ್ತೊಂದು ಅಚ್ಚು ತೆಗೆಯಿರಿ. ಬಿಗಿಯುವ ಮುನ್ನ ತೆಗೆದ ಅಚ್ಚಿಗೂ ಇದಕ್ಕೂ ವ್ಯತ್ಯಾಸ ಇದ್ದರೆ, ಅಷ್ಟನ್ನು ಮೊದಲೇ ಲೆಕ್ಕಕ್ಕಿಟ್ಟು ಇನ್ನೊಮ್ಮೆ ಹೊಂದಿಸಿ.

ಕೂದಲೆಳೆಯ ವ್ಯತ್ಯಾಸ ಉಳಿದರೆ ಉಳಿಯಲಿ. ಟಿಶ್ಯೂ ಕಾಗದದಿಂದ ಆಗುವ ಕೆಲಸಕ್ಕೆ ತಿರುಪು ಬೇಕಿಲ್ಲ. ಒಮ್ಮೆ ಸರಿಹೋದ ತಿರುಪುಗಳನ್ನು ಪ್ರತಿ ಕೆಲಸಕ್ಕೂ ಮುಟ್ಟುವ ಅಭ್ಯಾಸ ಬೇಡ, ಇನ್ನು ಮುಂದೆ ಹೊಂದಾಣಿಕೆಯೆಲ್ಲ ಪ್ಯಾಕಿಂಗ್‌ನಲ್ಲೇ ಆಗಲಿ.

## ಹಂತ 6: ರೋಲರ್ ಎತ್ತರ

ರೋಲರ್‌ನ ದೋಷ ಒತ್ತಡದ ದೋಷದಂತೆಯೇ ವೇಷ ಹಾಕಿ ಬರುತ್ತದೆ. ಅಕ್ಷರದ ಸುತ್ತ ಶಾಯಿಯ ಅಂಚು ಕಟ್ಟಿ, ಮೊಳೆಯ ಭುಜಕ್ಕೂ ಶಾಯಿ ಮೆತ್ತಿದ್ದರೆ ರೋಲರ್ ತೀರಾ ತಗ್ಗಿದೆ. ಒಂದು ಬದಿಯ ಅಕ್ಷರಕ್ಕೆ ಶಾಯಿಯೇ ಇಲ್ಲ, ಆದರೆ ಹಾಳೆಯ ಬೆನ್ನಲ್ಲಿ ಉಬ್ಬು ಚೆನ್ನಾಗಿದೆ ಎಂದರೆ ಆ ಬದಿಯಲ್ಲಿ ರೋಲರ್ ಎತ್ತರದಲ್ಲಿದೆ.

1. ರೋಲರ್‌ನ ವ್ಯಾಸವೂ ಅದರ ತುದಿಯ ಗಾಲಿಯ ವ್ಯಾಸವೂ ಸಮನಾಗಿರಬೇಕು. ಕ್ಯಾಲಿಪರ್‌ನಿಂದ ಎರಡೂ ತುದಿ ಮತ್ತು ನಡುವೆ ಅಳೆಯಿರಿ. ಹಳೆಯ ರಬ್ಬರ್ ಗಟ್ಟಿಯಾಗಿ ಕುಗ್ಗಿರುತ್ತದೆ. ಸರೇಸಿನ ರೋಲರ್ ಆದರೆ ತೇವಕ್ಕೆ ಊದಿರುತ್ತದೆ. ಬಹುಕಾಲ ಒಂದೇ ಜಾಗದಲ್ಲಿ ಒತ್ತಿ ನಿಂತ ರೋಲರ್‌ಗೆ ಚಪ್ಪಟೆ ಪಟ್ಟಿ ಬಿದ್ದಿದ್ದರೆ ಯಾವ ಹೊಂದಾಣಿಕೆಯೂ ಫಲಿಸದು, ಹೊಸದು ಬೇಕು.

2. ರೋಲರ್‌ಗೆ ತೆಳುವಾಗಿ ಶಾಯಿ ಹಚ್ಚಿ. ರೋಲರ್ ಗೇಜನ್ನು ಬೆಡ್‌ಗೆ ಒರಗಿಸಿ, ರೋಲರ್ ಅದರ ಬಿಲ್ಲೆಯ ಮೇಲೆ ಒಮ್ಮೆ ಸಾಗಿ ನಿಲ್ಲುವಂತೆ ತಂದು, ಮೂಡಿದ ಶಾಯಿಪಟ್ಟಿಯ ಅಗಲ ನೋಡಿ. 2ರಿಂದ 3 ಮಿ.ಮೀ. ಇದ್ದರೆ ಸರಿ. ಪಾಲಿಮರ್ ಪ್ಲೇಟಿಗೆ ಇದಕ್ಕಿಂತ ತೆಳುವೇ ಒಳ್ಳೆಯದು. ಎಡಬಲ ಎರಡೂ ಕಡೆ, ಮೇಲೆ, ನಡುವೆ, ಕೆಳಗೆ ಹೀಗೆ ಆರು ಜಾಗದಲ್ಲಿ ನೋಡಿ, ಪ್ರತಿ ರೋಲರ್‌ಗೂ ಬೇರೆಯಾಗಿ.

3. ಪಟ್ಟಿ ಅಗಲವಾಗಿರುವ ಕಡೆ ಹಳಿಯ ಮೇಲೆ ವಿದ್ಯುತ್ ಕೆಲಸದ ವಿನೈಲ್ ಟೇಪ್ ಒಂದು ಪದರ ಅಂಟಿಸಿ. ಅದರ ದಪ್ಪ ಸುಮಾರು 0.18 ಮಿ.ಮೀ.; ರೋಲರ್ ಅಷ್ಟು ಮೇಲೇಳುತ್ತದೆ. ಹಳಿಯನ್ನು ಮೊದಲು ಜಿಡ್ಡಿಲ್ಲದಂತೆ ಒರೆಸಿ, ಟೇಪನ್ನು ಎಳೆದು ಹಿಗ್ಗಿಸದೆ ಅಂಟಿಸಿ. ಪಟ್ಟಿ ತೀರಾ ತೆಳುವಾಗಿದ್ದರೆ ಹಿಂದಿನವರು ಹಾಕಿದ ಟೇಪ್ ಉಳಿದಿದೆಯೇ ನೋಡಿ.

4. ರೋಲರ್ ಹಿಡಿದಿರುವ ಎರಡೂ ಬದಿಯ ಕೊಕ್ಕೆಯ ಸ್ಪ್ರಿಂಗ್‌ಗಳು ಒಂದೇ ಬಿಗಿತ ಇರಬೇಕು. ಒಂದು ಬದಿ ಮಂದವಾದರೆ ಗಾಲಿ ಹಳಿಯಿಂದ ಏಳುತ್ತದೆ, ಆ ಬದಿಯ ಅಕ್ಷರಗಳಲ್ಲಿ ಶಾಯಿ ಎಳೆದಂತೆ ಕಾಣುತ್ತದೆ. ಗಾಲಿಯ ಮೇಲೆ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿ, ನಿಧಾನವಾಗಿ ಕೈಹಿಡಿ ಇಳಿಸಿ. ಗುರುತು ತಿರುಗದೆ ನಿಂತರೆ ಗಾಲಿ ಜಾರುತ್ತಿದೆ.

## ಹಂತ 7: ಕಾಗದ ಕೂರುವ ಜಾಗ

ಪಿನ್‌ಗಳ ಜಾಗವನ್ನು ಅಂದಾಜಿನಲ್ಲಿ ಹಾಕಿ, ಆಮೇಲೆ ತಳ್ಳುತ್ತಾ ಕೂರುವುದಕ್ಕಿಂತ ಟಿಂಪನ್ ಮೇಲೆಯೇ ನೇರವಾಗಿ ಒಂದು ಅಚ್ಚು ಹೊಡೆಯಿರಿ. ಆ ಅಚ್ಚಿನ ಕೆಳ ಸಾಲಿಗೆ ಸಮಾನಾಂತರವಾಗಿ ಬೇಕಾದ ಅಂತರದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ, ಬದಿಗೆ ಮೂಲೆಮಟ್ಟದಿಂದ ಇನ್ನೊಂದು. ಕೆಳಗಿನ ಗೆರೆಯ ಮೇಲೆ ಎರಡು ಗೇಜ್ ಪಿನ್, ಆದಷ್ಟು ದೂರ ದೂರ. ಬದಿಯ ಗೆರೆಯ ಮೇಲೆ ಒಂದು. ಮೂರಕ್ಕಿಂತ ಹೆಚ್ಚು ಬೇಡ. ನಾಲ್ಕನೇ ಪಿನ್ ಕಾಗದವನ್ನು ಯಾವುದಾದರೂ ಒಂದರಿಂದ ಎತ್ತಿಬಿಡುತ್ತದೆ. ಆಮೇಲೆ ಟಿಂಪನ್ ಮೇಲಿನ ಶಾಯಿಯನ್ನು ಒರೆಸಿ ಟಾಲ್ಕ್ ಪುಡಿ ಸವರಿ, ಇಲ್ಲದಿದ್ದರೆ ಕಾಗದದ ಬೆನ್ನಿಗೆ ಅಂಟುತ್ತದೆ.

ಯಂತ್ರವನ್ನು ಕೈಯಿಂದ ನಿಧಾನವಾಗಿ ಮುಚ್ಚಿ, ಪಿನ್ ಯಾವ ಮೊಳೆಗೂ ತಾಗುವುದಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆಯೇ ಒತ್ತಿ. ಜಾಗ ಸರಿಹೋದ ಬಳಿಕ ಪಿನ್‌ನ ಹಲ್ಲುಗಳನ್ನು ಟಿಂಪನ್‌ಗೆ ಅದುಮಿ. ಹಲ್ಲು ಅದುಮದ ಪಿನ್ ಒಂದೊಂದು ಹಾಳೆಗೂ ಕೂದಲಷ್ಟು ಸರಿಯುತ್ತಾ ಹೋಗುತ್ತದೆ. ಮೊದಲ ಹಾಳೆ ಮತ್ತು ಕೊನೆಯ ಹಾಳೆಯನ್ನು ಒಟ್ಟಿಗೆ ಬೆಳಕಿಗೆ ಹಿಡಿದಾಗಲೇ ಅದು ಗೊತ್ತಾಗುವುದು.

ಹಾಳೆಯನ್ನು ಮೊದಲು ಕೆಳಗಿನ ಎರಡು ಪಿನ್‌ಗಳ ಮೇಲೆ ಕೂರಿಸಿ, ಆಮೇಲೆ ಬದಿಯ ಪಿನ್‌ಗೆ ಸರಿಸಿ. ಪ್ರತಿ ಸಲವೂ ಇದೇ ಕ್ರಮ. ರಭಸದಿಂದ ತಳ್ಳಿದರೆ ಹಾಳೆ ಪುಟಿದು ಹಿಂದೆ ಬರುತ್ತದೆ. ಅಚ್ಚಾದ ಮೇಲೆ ಹಾಳೆ ಮೊಳೆಗೇ ಅಂಟಿಕೊಂಡು ಬರುತ್ತಿದ್ದರೆ ಗ್ರಿಪ್ಪರ್‌ಗಳ ನಡುವೆ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಕಟ್ಟಿ, ಅಕ್ಷರಗಳಿಲ್ಲದ ಜಾಗದಲ್ಲಿ ಹಾಯುವಂತೆ.

ಕಾಗದವೇ ಚೌಕವಿಲ್ಲದಿರುವುದು ಬಹಳ ಸಾಮಾನ್ಯ. ಕಟ್ಟಿನಿಂದ ಎರಡು ಹಾಳೆ ತೆಗೆದು, ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟು ಒಂದು ಅಂಚು ಕೂಡಿಸಿ. ಉಳಿದ ಅಂಚುಗಳಲ್ಲಿ ವ್ಯತ್ಯಾಸ ಕಂಡರೆ ಕತ್ತರಿಸಿದವರ ದೋಷ. ಎರಡನೇ ಬಣ್ಣಕ್ಕೂ ಮೊದಲ ಬಣ್ಣದ ಅದೇ ಮೂಲೆಯನ್ನೇ ಪಿನ್‌ಗೆ ಕೊಡಿ. ಕಟ್ಟಿನ ಆ ಮೂಲೆಗೆ ಪೆನ್ಸಿಲ್ ಗೆರೆ ಎಳೆದಿಡಿ. ತೇವ ಬದಲಾದರೆ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಹಾಗಾಗಿ ಎರಡೂ ಬಣ್ಣವನ್ನು ಆದಷ್ಟು ಒಂದೇ ದಿನ, ಒಂದೇ ಕೋಣೆಯಲ್ಲಿ ಮುಗಿಸಿ.

## ಹಂತ 8: ಉಳಿದದ್ದಕ್ಕೆ ಟಿಶ್ಯೂ

ಒಂದು ಪದ, ಒಂದು ಸವೆದ ಮೊಳೆ, ಚಿತ್ರದ ಬ್ಲಾಕಿನ ಒಂದು ಮೂಲೆ ಮಾಸಲಾಗಿ ಉಳಿದಿದ್ದರೆ ಅದು ಮೇಕ್‌ರೆಡಿ ಕೆಲಸ, ಅಂದರೆ ಕಾಗದದ ಚೂರು ಸೇರಿಸಿ ಒತ್ತಡ ಸಮಮಾಡುವುದು. ಬ್ಲಾಕ್ ಪೂರ್ತಿ ತಗ್ಗಿದ್ದರೆ ಅದರ ಅಡಿಗೆ ಕಾಗದ ಹಾಕಿ ಎತ್ತರಿಸಿ. ರೋಲರ್‌ಗೂ ಅದು ಸಿಗಬೇಕಲ್ಲ. ಆಮೇಲೆ ಒಂದು ಅಚ್ಚು ತೆಗೆದು, ಮಾಸಲು ಜಾಗಗಳನ್ನು ಪೆನ್ಸಿಲ್‌ನಿಂದ ಸುತ್ತುವರಿದು, ಅಲ್ಲಿ ಟಿಶ್ಯೂ ಚೂರು ಅಂಟಿಸಿ. ಚೂರನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿಯಿರಿ: ಹರಿದ ಅಂಚು ತೆಳುವಾಗಿ ಮುಗಿಯುತ್ತದೆ, ಕತ್ತರಿಸಿದ ಅಂಚು ಗೆರೆ ಮೂಡಿಸುತ್ತದೆ.

ಈ ಹಾಳೆ ಪ್ಯಾಕಿಂಗ್ ಒಳಗೆ ಅದೇ ಜಾಗಕ್ಕೆ ಬರಬೇಕು. ಆ ಅಚ್ಚನ್ನು ಪಿನ್‌ಗಳ ಮೇಲಿಂದ ತೆಗೆಯುವ ಮುಂಚೆಯೇ ಅದರ ಎರಡು ಮೂಲೆಯಲ್ಲಿ ಸೂಜಿಯಿಂದ ಟಿಂಪನ್ ಮತ್ತು ಒಳಗಿನ ಹಾಳೆಗಳವರೆಗೆ ಚುಚ್ಚಿದ್ದರೆ, ಆಮೇಲೆ ತೂತಿಗೆ ತೂತು ಕೂಡಿಸಿ ಅಂಟಿಸುವುದು ಸುಲಭ.

## ಕೈ ನಿಲ್ಲಿಸಬೇಕಾದ ಸೂಚನೆಗಳು

ಕೈಹಿಡಿ ಎಂದಿಗಿಂತ ಬಿಗಿ ಎನಿಸಿದರೆ ಬಲ ಹಾಕಬೇಡಿ. ಒಂದು ಹಾಳೆ ತೆಗೆಯಿರಿ, ಫಾರಂ ಮೇಲೆ ಏನಾದರೂ ಬಿದ್ದಿದೆಯೇ ನೋಡಿ. ಚೇಸ್‌ನ ಅಳತೆಯಷ್ಟೂ ಜಾಗ ತುಂಬಿಸಿ ಅಚ್ಚು ಹೊಡೆಯುವ ಬಲ ಈ ಯಂತ್ರಗಳಿಗಿಲ್ಲ. ಕಾಗದದಲ್ಲಿ ಆಳವಾದ ಗುಂಡಿ ಬೀಳಬೇಕೆಂಬ ಆಸೆಗೆ ಯಂತ್ರವನ್ನು ಹಿಂಸಿಸುವ ಬದಲು ಮೆತ್ತನೆಯ ದಪ್ಪ ಹತ್ತಿ ಕಾಗದ ತನ್ನಿ, ಅದನ್ನು ಕೊಂಚ ತೇವ ಮಾಡಿ.

ಎರಕದ ಭಾಗದ ಮೇಲೆ ಕೂದಲೆಳೆಯ ಗೆರೆ ಕಂಡು, ಅದರ ಗುಂಟ ಎಣ್ಣೆ ಜಿನುಗುತ್ತಿದ್ದರೆ ಅದು ಬಿರುಕು. ಆ ಕ್ಷಣವೇ ನಿಲ್ಲಿಸಿ. ಹೊಂದಿಸಿದ ಪ್ಲೇಟನ್ ಕೆಲವೇ ಅಚ್ಚುಗಳಲ್ಲಿ ಮತ್ತೆ ಓರೆಯಾಗುತ್ತಿದ್ದರೂ ಹಾಗೆಯೇ: ತಿರುಪಿನ ಥ್ರೆಡ್ ಸವೆದಿದೆ ಅಥವಾ ಎಲ್ಲೋ ಬಿರುಕಿದೆ.

ಮೊಳೆಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಸೀಸ ಕೊಳೆತ ಪುಡಿ. ಊದಬೇಡಿ, ಒಣ ಬ್ರಷ್‌ನಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಮೊಳೆಗಳನ್ನು ಬೇರೆ ಇಡಿ. ಊಟಕ್ಕೆ ಮುಂಚೆ ಕೈ ಸೋಪಿನಿಂದ ತೊಳೆಯಿರಿ.

ಇನ್ನೊಂದು: ಓರೆಯಾಗಿ ಕೂತ ಹಾಳೆಯನ್ನು ಯಂತ್ರ ಮುಚ್ಚುತ್ತಿರುವಾಗ ಸರಿಪಡಿಸಲು ಕೈ ತಾನಾಗಿಯೇ ಒಳಗೆ ಹೋಗುತ್ತದೆ. ಆ ಹಾಳೆ ಹಾಳಾಗಲಿ ಬಿಡಿ.